ಬಸ್ಸಿನೊಳಗಿನ ಮರಾಠಿ

ಮುಖ ನೋಡಿದರೆ ಸಾಕು, ಎಂಥವರೆಂದು ಹೇಳಿಬಿಡುತ್ತೇನೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಅದು ಇಳಿಯಲು ಎಂಟು ವರ್ಷ ಹಿಡಿಯಿತು.

ನಿಪ್ಪಾಣಿಯ ಅಂಗಡಿಯೊಂದರಲ್ಲಿ ಹೆಂಗಸರಿಗೆ ಜಂಪರ್, ರವಿಕೆ ಹೊಲಿಯುವುದು ನನ್ನ ಕೆಲಸ. ಚಿಕ್ಕೋಡಿಯಲ್ಲಿ ಬೆಳಗಿನ ಬಸ್ಸು ಹತ್ತಿದ ಮೊದಲ ದಿನ, ಯಡೂರಿನಿಂದಲೇ ತುಂಬಿ ಬಂದಿದ್ದ ಆ ಬಸ್ಸಿನಲ್ಲಿ ಒಬ್ಬಾಕೆ ಪಕ್ಕದ ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡು "ಯಾ, ಬಸಾ" ಎಂದಳು. ಬನ್ನಿ, ಕೂತುಕೊಳ್ಳಿ ಎಂದು ಮರಾಠಿಯಲ್ಲಿ. ಮೂಗಿಗೆ ಮುತ್ತಿನ ನತ್ತು, ಹಣೆಗೆ ಅರ್ಧಚಂದ್ರದ ಕುಂಕುಮ. ಮರಾಠಿಯವಳೇ ಎಂದು ತೀರ್ಮಾನಿಸಿಬಿಟ್ಟೆ. ಎದುರಿನವರ ಮಾತಿನಲ್ಲೇ ಮಾತಾಡುವುದು ನಮ್ಮ ಕಡೆ ಮರ್ಯಾದೆ. ನನಗೆ ಬರುತ್ತಿದ್ದದ್ದು ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಷ್ಟು ಮರಾಠಿ. ಅದರಲ್ಲೇ ಸುರು ಮಾಡಿದೆ.

ಆ ಬೆಳಗುಗಳೆಲ್ಲ ಈಗ ಒಂದೇ ಉದ್ದದ ಕನಸಿನಂತೆ ನೆನಪಾಗುತ್ತವೆ. ಕಬ್ಬಿನ ಗದ್ದೆಗಳ ಮೇಲೆ ಮಂಜು, ಅರೆನಿದ್ದೆಯಲ್ಲಿ ಆಕೆಯ ಭುಜಕ್ಕೆ ತಾಗುವ ನನ್ನ ತಲೆ, ನಿಪ್ಪಾಣಿ ಹತ್ತಿರವಾದಂತೆ ಕಿಟಕಿಯಿಂದ ಬರುವ ತಂಬಾಕಿನ ಘಾಟು. ಶಬ್ದ ಸಿಗದಿದ್ದಲ್ಲಿ ಕೈ ಒತ್ತುತ್ತಿದ್ದೆವು, ಇಲ್ಲವೇ ಸುಮ್ಮನೆ ನಗುತ್ತಿದ್ದೆವು. ಇಬ್ಬರಿಗೂ ಪಾಸು ಇದ್ದುದರಿಂದ ಕಂಡಕ್ಟರನ ಹತ್ತಿರವೂ ಬಾಯಿ ಬಿಡುವ ಪ್ರಸಂಗ ಬರುತ್ತಿರಲಿಲ್ಲ. ಆಕೆಯ ತಾಯಿ ನನಗೆಂದೇ ಒಂದು ರೊಟ್ಟಿ ಹೆಚ್ಚು ಕಟ್ಟಿ ಕಳಿಸುತ್ತಿದ್ದರು. ಅವರನ್ನು ನಾನು ನೋಡಿಯೇ ಇರಲಿಲ್ಲ. ಆದರೂ ನನ್ನ ಕೆಲವು ಸ್ವಂತ ನೆಂಟರಿಗಿಂತ ಅವರೇ ನನಗೆ ಹತ್ತಿರ ಎನಿಸುತ್ತಿತ್ತು.

ಹೋದ ಚಳಿಗಾಲ ಆಕೆ ಮೂರು ದಿನ ಬರಲಿಲ್ಲ. "ಅವರ ಅವ್ವ ತೀರ್ಕೊಂಡಾರಂತ್ರಿ" ಎಂದ ಕಂಡಕ್ಟರ್. ಆಕೆಯ ಊರು ಯಡೂರಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಹೆದರಿಕೆ. ನನ್ನ ಸಂತೆಯ ಮರಾಠಿಯಲ್ಲಿ ಸಾವಿಗೆ ಏನು ಹೇಳುವುದು? ನೆರೆಮನೆಯವರಿಂದ ಕಲಿತ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡುತ್ತ ಕೂತೆ.

ಅಂಗಳಕ್ಕೆ ಕಾಲಿಟ್ಟಾಗ ಆಕೆಯ ದನಿ ಕೇಳಿತು. ಹೆಂಗಸರ ನಡುವೆ ಕೂತು, ತಾಯಿಯ ಒಂದೊಂದೇ ಮಾತು ಎತ್ತಿ ಹಾಡ್ಯಾಡಿ ಅಳುತ್ತಿದ್ದಳು.

"ಬಸ್ಸಿಗಿ ಹೊತ್ತಾತಂತ ನಸುಕಿನ್ಯಾಗ ರೊಟ್ಟಿ ಬಡೀತಿದ್ದ್ಯಲ್ಲ ನನ್ನ ಹಡದವ್ವಾ..."

ಅಚ್ಚ ಕನ್ನಡ! ನನಗೆ ಮೊದಲು ಬಂದದ್ದು ಸಿಟ್ಟು. ಎಂಟು ವರ್ಷ ನನ್ನನ್ನು ಮಂಗ ಮಾಡಿದಳಲ್ಲ ಎಂದುಕೊಂಡೆ. ನಾನೂ ಅದನ್ನೇ ಮಾಡಿದ್ದೇನೆಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಆಗ ಆಕೆ ನನ್ನನ್ನು ಕಂಡಳು. ಅಳುವನ್ನು ಅರ್ಧಕ್ಕೇ ನುಂಗಿ, ಸೆರಗಿನಿಂದ ಮುಖ ಒರೆಸಿಕೊಂಡು "ಯಾ, ಬಸಾ" ಎಂದಳು. ತಾಯಿಯ ಕೊನೆಯ ರಾತ್ರಿಯನ್ನು ನನಗಾಗಿ ಮರಾಠಿಯಲ್ಲಿ ಹೇಳಲು ಒದ್ದಾಡತೊಡಗಿದಳು. ಶಬ್ದ ಸಿಗುತ್ತಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ.

"ನಾನೂ ಕನ್ನಡದಾಕಿನ ಯವ್ವಾ," ಎಂದೆ. "ಅಳು. ನನಗ ತಿಳಿತೈತಿ."

ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ತೊಡೆಯ ಮೇಲೆ ತಲೆಯಿಟ್ಟು, ಬಿಟ್ಟಲ್ಲಿಂದಲೇ ಮತ್ತೆ ಅಳಲು ಸುರು ಮಾಡಿದಳು.

ದಿನಕರ್ಮ ಮುಗಿದ ಮೇಲೆ ಆಕೆ ಮತ್ತೆ ಬಸ್ಸಿಗೆ ಬಂದಳು. ಚೀಲ ಎತ್ತಿ ಜಾಗ ಕೊಟ್ಟಳು. ಇಬ್ಬರಿಗೂ ಕನ್ನಡವೇ ಬಾಯಿಗೆ ಬರಲಿಲ್ಲ. ಹೊಸದಾಗಿ ಪರಿಚಯವಾದವರಂತೆ ನಾಚಿಕೆ. ತಂಬಾಕಿನ ಘಾಟು ಬರತೊಡಗಿದಾಗ ಕೊನೆಗೆ ನಾನೇ ಕೇಳಿದೆ: "ಅಷ್ಟ ಮರಾಠಿ ಎಲ್ಲಿ ಕಲ್ತಿ?"

"ನಿಮ್ಮ ಕಡಿಂದನರಿ. ನಿಮ್ಮ ಕೈಯಾನ ಹಸರ ಬಳಿ ನೋಡಿ ಮರಾಠಿ ಮಂದಿ ಅಂತ ತಿಳದಿದ್ದೆ."

ಸಂತೆಯದಷ್ಟು ಬಿಟ್ಟರೆ ನಾನು ಕಲಿತದ್ದೂ ಆಕೆಯಿಂದಲೇ. ಇಬ್ಬರೂ ನಕ್ಕೆವು. ನಗುತ್ತಿದ್ದವಳು ತಟ್ಟನೆ ಕಿಟಕಿಯ ಕಡೆ ತಿರುಗಿದಳು.

"ನಿಮ್ಮನ್ನ ಒಮ್ಮೆ ನೋಡಬೇಕಂತ ನಮ್ಮವ್ವಗ ಭಾಳ ಆಸೆ ಇತ್ತರಿ. ನಾ ಕರದರ, 'ಬ್ಯಾಡ ಬಿಡ, ನನಗ ಮರಾಠಿ ಬರೂದಿಲ್ಲ, ಆಕಿ ಜೋಡಿ ಏನಂತ ಮಾತಾಡ್ಲಿ?' ಅಂತಿದ್ಲು."

ಸ್ಟ್ಯಾಂಡ್ ಬಂತು. ಎಲ್ಲರೂ ಇಳಿದರು. ನಾವಿಬ್ಬರೂ ಕೂತೇ ಇದ್ದೆವು.