ಖಾಲಾನ ಹೊಟ್ಟೆಯ ಅಲೆಗಳು

ಮೊನ್ನೆ ದಾವಣಗೆರೆಯ ಮಂಡಿಪೇಟೆಯಲ್ಲಿ ಯಾರೋ ಒಣಶುಂಠಿ ಕುಟ್ಟುತ್ತಿದ್ದರು. ಆ ಘಾಟಿಗೆ ಅಲ್ಲೇ ನಿಂತುಬಿಟ್ಟೆ. ಹರಿಹರದ ಖಾಲಾ ನೆನಪಾದರು...

ದಾವಣಗೆರೆಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹರಿಹರದ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಖಾಲಾ ಎಂದರೆ ಚಿಕ್ಕಮ್ಮ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಉಂಡ ಸ್ವಲ್ಪ ಹೊತ್ತಿಗೇ ಅವರಿಗೆ ಹೊಟ್ಟೆ ಉಬ್ಬರಿಸಿ, ತೊಳಸಿ, ವಾಂತಿಯಾಗುತ್ತಿತ್ತು. ಶುಂಠಿ ಕಷಾಯ ಎಷ್ಟು ಕುಡಿದರೂ ನಿಲ್ಲಲಿಲ್ಲ. ಸ್ಕ್ಯಾನ್ ಮಾಡಿಸಿದರು, ಕ್ಯಾಮೆರಾದ ಕೊಳವೆ ನುಂಗಿದರು. ಎಲ್ಲವೂ ಸರಿಯಾಗಿತ್ತು. ಕೊನೆಗೆ ಡಾಕ್ಟರು, ಇದು ಮನಸ್ಸಿನ ಕಾಯಿಲೆ ಎಂದುಬಿಟ್ಟರು.

ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡವರು ಅವರ ಮೈದುನ. ಹದಡಿಯಿಂದ ಬಂದು, "ಭಾಬಿ, ಅಂಗಡಿ ಬಂದ್ ಮಾಡ್ರಿ. ತಲೆ ಸರಿ ಇಲ್ದೋರು ಒಬ್ರೇ ಇರಬಾರ್ದು. ಮನೆ ಬಾಡಿಗೆಗೆ ಕೊಟ್ಟು ನಮ್ಮತ್ರ ಬಂದುಬಿಡ್ರಿ" ಎಂದರು.

ಖಾಲಾ ಹಲ್ಲಿನಿಂದ ದಾರ ಕಡಿದರು. "ವಾಂತಿ ಮಾಡ್ಕೊಳ್ಳೋಳು ನಾನು. ಹುಚ್ಚು ಅಂತ ಹೇಳೋಕೆ ನೀವ್ಯಾರ್ರೀ?" ಎಂದವರೇ ಮತ್ತೆ ಮಿಷನ್ ತುಳಿಯತೊಡಗಿದರು.

ಇದನ್ನೆಲ್ಲ ನಾನು ಕಾಲೇಜಿನಲ್ಲಿ ಹೇಳಿಕೊಂಡಾಗ, ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ತಮಿಳುನಾಡಿನ ಒಂದು ಪ್ರಯೋಗಾಲಯದ ವಿಷಯ ತಿಳಿಸಿದರು. ಹೃದಯದ ಹಾಗೆ ಹೊಟ್ಟೆ, ಕರುಳಿನಲ್ಲೂ ಸಣ್ಣಗೆ ವಿದ್ಯುತ್ತಿನ ಅಲೆ ಏಳುತ್ತದಂತೆ. ವಿದ್ಯುತ್ತಿದ್ದಲ್ಲಿ ಕಾಂತಶಕ್ತಿಯೂ ಇರುತ್ತದೆ. ಚುಚ್ಚದೆ, ಕೊಯ್ಯದೆ, ಹೊರಗಿನಿಂದಲೇ ಅದನ್ನು ಅಳೆಯುವ ಸಂಶೋಧನೆ ಅಲ್ಲಿ ನಡೆದಿತ್ತು. ಇಂಥ ರೋಗಿಗಳನ್ನೇ ಅವರು ಹುಡುಕುತ್ತಿದ್ದರು.

"ನಡೀರಿ ಹೋಗಾಣ" ಎಂದರು ಖಾಲಾ. ಮೈಮೇಲೆ ಲೋಹ ಇರಕೂಡದು ಎಂದಿದ್ದಕ್ಕೆ ಹುಕ್ಕು, ಗುಂಡಿ ಒಂದೂ ಇಲ್ಲದ, ಬಟ್ಟೆಯ ಕಸೆ ಕಟ್ಟುವ ಕುರ್ತಾ ಹೊಲಿದುಕೊಂಡರು. ಮದುವೆಯಲ್ಲಿ ಚುಚ್ಚಿಸಿದ ಮೂಗುತಿಯನ್ನು ರೈಲಿನಲ್ಲೇ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಹೊರಗಿನ ಕಾಂತಶಕ್ತಿ ಒಳಗೆ ನುಸುಳದಂತೆ ಕಟ್ಟಿದ ದಪ್ಪ ಗೋಡೆಯ ಕೋಣೆ ಅದು. ಖಾಲಾ ಮರದ ಮಂಚದ ಮೇಲೆ ಅಲುಗಾಡದೆ ಮಲಗಿದರು. ದೊಡ್ಡ ಹಂಡೆಯಂಥ ಯಂತ್ರವೊಂದು ಅವರ ಹೊಟ್ಟೆಯ ಮೇಲೆ, ಮುಟ್ಟದ ಹಾಗೆ ಇಳಿದು ನಿಂತಿತು. ಬರಿಹೊಟ್ಟೆಯಲ್ಲಿ ಒಮ್ಮೆ ಅಳೆದರು, ಇಡ್ಲಿ ತಿನ್ನಿಸಿ ಇನ್ನೊಮ್ಮೆ ಅಳೆದರು. ಆಮೇಲೆ ವಿಜ್ಞಾನಿ ನಮ್ಮನ್ನು ಪರದೆಯ ಮುಂದೆ ಕೂರಿಸಿದರು. ಆರೋಗ್ಯವಂತರ ಅಲೆಗಳು ಒಂದೇ ಲಯದಲ್ಲಿ ಏರಿಳಿಯುತ್ತಿದ್ದವು. ಖಾಲಾನವು ಉಂಡ ಮೇಲಂತೂ ಚೆಲ್ಲಾಪಿಲ್ಲಿಯಾಗಿದ್ದವು. ಇದಿನ್ನೂ ಸಂಶೋಧನೆ, ಚಿಕಿತ್ಸೆಯಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ.

"ಅದಿರ್ಲಿ. ನಾನು ಸುಳ್ಳು ಹೇಳಿಲ್ಲ ಅಂತ ಗೊತ್ತಾತಲ್ಲ?"

ನಾನು ವಿಜ್ಞಾನಿಯನ್ನು ಕೇಳಿದೆ. ಅವರು ಹೌದೆಂದು ತಲೆಯಾಡಿಸಿದರು. ಖಾಲಾ ಆ ಪರದೆಯನ್ನು ಬಹಳ ಹೊತ್ತು ನೋಡಿದರು... ಅತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊರಿಗೆ ಬಂದಾಗ ಮೈದುನ ಸಾಮಾನು ಸಾಗಿಸಲು ಗಾಡಿ ತಂದು ನಿಲ್ಲಿಸಿದ್ದರು. ಖಾಲಾ ಅಂಗಡಿಯ ಬಾಗಿಲು ಪೂರ್ತಿ ತೆರೆದು, ಓಣಿಗೆಲ್ಲ ಕಾಣುವ ಹಾಗೆ ಮಿಷನ್ನಿನ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಕೂತರು. "ವಾಂತಿ ಬಂದ್ರೆ ಇಲ್ಲೇ ಮಾಡ್ತೀನಿ, ಹೊಲಿಗೇನೂ ಇಲ್ಲೇ ಮಾಡ್ತೀನಿ. ಗಾಡಿ ವಾಪಸ್ ಒಯ್ಯಿರಿ." ಗಾಡಿ ಖಾಲಿಯೇ ಹೋಯಿತು. ಮುಂದೆ ಬೇರೆ ಡಾಕ್ಟರು ಕೊಟ್ಟ ಮಾತ್ರೆಗಳಿಂದ, ತುಸುತುಸುವೇ ಉಣ್ಣುವುದರಿಂದ ಕಾಯಿಲೆ ಅರ್ಧದಷ್ಟು ಹತೋಟಿಗೆ ಬಂತು. ಉಳಿದರ್ಧದ ಜೊತೆ ಜಗಳವಾಡುತ್ತಲೇ ಅವರು ವರ್ಷಗಟ್ಟಲೆ ಹೊಲಿದರು.

ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ಮನೆಯವರನ್ನು ಮಾತನಾಡಿಸಲು ಹೋದಾಗ ಮೈದುನ ಬಂದವರಿಗೆಲ್ಲ, "ಪಾಪ, ತಲೆ ಸರಿ ಇರ್ಲಿಲ್ಲ" ಎನ್ನುತ್ತಿದ್ದರು. ಸಾವಿನ ಮನೆ, ಸುಮ್ಮನಿರಬೇಕಿತ್ತೇನೋ... ಇರಲಾಗಲಿಲ್ಲ. ಎದ್ದು ನಿಂತು, ನಾನು ಕಣ್ಣಾರೆ ಕಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಆಮೇಲೆ ಮೈದುನನ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಬಿಡಲಿ. ಹರಿಹರದಲ್ಲಿ ನಾನು ಮಾತನಾಡಬೇಕಾದವರು ಈಗ ಇಲ್ಲ.