ಚಕ್ರದ ಗೂಡಿನಲ್ಲಿ ಸಿಕ್ಕಿಕೊಂಡ ಸಂಬಂಧ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಟರ್ ಸರ್ವಿಸ್ ಅಂಗಳದ ಹಿಂಭಾಗದಲ್ಲಿ, ತಗಡಿನ ಚಾವಣಿಯ ಕೆಳಗೆ, ನೆಲ ಅಗೆದು ಕಟ್ಟಿದ ಗುಂಡಿಯ ಮೇಲೆ ಬೂದು ಬಣ್ಣದ ಹಳೆಯ ಕಾರೊಂದು ಒಂದು ಚಕ್ರ ಬಿಚ್ಚಿಸಿಕೊಂಡು ನಿಂತಿದೆ. ಕೆಳಗಿನಿಂದ ಕೆರೆಯುವ ಸದ್ದು ಬರುತ್ತಿದೆ, ಯಾರೋ ತಳ ಹತ್ತಿದ ಪಾತ್ರೆಯನ್ನು ಛಲ ತೊಟ್ಟು ಉಜ್ಜುತ್ತಿರುವ ಹಾಗೆ. ಆಗಾಗ ಸದ್ದು ನಿಂತು ಮಣ್ಣಿನ ಹೆಂಟೆಯೊಂದು ದೊಪ್ಪನೆ ಬೀಳುತ್ತದೆ. ಬಿದ್ದಾಗಲೆಲ್ಲ ಗುಂಡಿಯೊಳಗಿಂದ ಒಂದು ದನಿ, "ಬಾ ಮಗಾ, ಬಾ. ಎಷ್ಟು ದಿನ ಅಂತ ಕೂತಿರ್ತೀಯ ಅಲ್ಲಿ" ಎಂದು ಮಣ್ಣನ್ನು ಸಮಾಧಾನ ಮಾಡುತ್ತದೆ.

ಆ ದನಿಯ ಒಡೆಯರು ಈ ಬೀದಿಯವರ ಬಾಯಲ್ಲಿ ಪಾತಾಳಣ್ಣ. ಹಗಲೆಲ್ಲ ನೆಲಕ್ಕಿಂತ ಕೆಳಗೇ ಇರುವುದರಿಂದ ಬಂದ ಹೆಸರು. ಕಾರಿನ ಚಕ್ರದ ಮೇಲೆ ಕಮಾನಿನಂತೆ ಬಾಗಿರುವ ತಗಡಿನ ಒಳಮೈಯಲ್ಲಿ ಕೂತ ಕೆಸರನ್ನು ಕೆರೆದು, ತುಕ್ಕು ಹತ್ತದ ಹಾಗೆ ಬಣ್ಣ ಬಳಿಯುವುದು ಅವರ ಕೆಲಸ. ಆ ಜಾಗವನ್ನು ಅವರು ಗೂಡು ಎನ್ನುತ್ತಾರೆ. ಕಾರು ಕೊಂಡವರು ಬಾಗಿಲು ನೋಡುತ್ತಾರೆ, ಸೀಟು ಒತ್ತಿ ನೋಡುತ್ತಾರೆ, ಹಾಡು ಹಾಕಿ ನೋಡುತ್ತಾರೆ. ಗೂಡು ನೋಡಿದವರನ್ನು ಪಾತಾಳಣ್ಣ ಈವರೆಗೆ ಕಂಡಿಲ್ಲ.

ಆದರೆ ಈ ಬೂದು ಕಾರಿನ ಗೂಡಿನ ಮೇಲೆ ಎರಡು ಮನೆಯವರ ಕಣ್ಣಿದೆ. ಬರುವ ಭಾನುವಾರ ಈ ಕಾರನ್ನು ನೀರಿನಲ್ಲಿ ಓಡಿಸಲಾಗುತ್ತದೆ. ಮುಂದಿನ ಸೀಟಿನಲ್ಲಿ ಕೂತ ಹೆಂಗಸಿನ ಕಾಲು ಒದ್ದೆಯಾಗದಿದ್ದರೆ ಪಾತಾಳಣ್ಣನ ಮಗಳ ಮದುವೆ ನಡೆಯುತ್ತದೆ. ಒದ್ದೆಯಾದರೆ ಇಲ್ಲ.

ಕಾರಿನ ಯಜಮಾನರು ಅಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ. ವೃತ್ತಿಯಲ್ಲಿ ದರ್ಜಿ. ಕೊರಳಲ್ಲಿ ಅಳತೆ ಟೇಪು, ಜೇಬಿನಲ್ಲಿ ಕತ್ತರಿ. ಅಂಗಡಿ ತೆರೆಯುವ ಮುನ್ನ ದಿನವೂ ಇಲ್ಲಿ ಹಾಜರಿ. ಪಾತಾಳಣ್ಣನ ಜತೆ ಅವರಿಗೆ ಮಾತಿಲ್ಲ. ಹೇಳುವುದಿದ್ದರೆ ಬಿಚ್ಚಿಟ್ಟ ಟೈರಿಗೆ ಹೇಳುತ್ತಾರೆ.

"ಕೆಲವರಿಗೆ ಕೆರೆಯೋದೇ ಒಂದು ಚಟ," ಎನ್ನುತ್ತಾರೆ ಟೈರಿಗೆ.

"ಕೆಲವರಿಗೆ ಮುಚ್ಚೋದು ಚಟ," ಎಂದು ಗುಂಡಿಯಿಂದ ಉತ್ತರ ಬರುತ್ತದೆ.

ಟೈರು ಇಬ್ಬರದ್ದನ್ನೂ ಕೇಳಿಸಿಕೊಳ್ಳುತ್ತದೆ.

ಪಾತಾಳಣ್ಣ ಈ ಅಂಗಳಕ್ಕೆ ಹುಡುಗುತನದಲ್ಲಿ ಬಂದದ್ದು ಕಾರಿನ ಮೇಲ್ಮೈ ತೊಳೆಯುವುದಕ್ಕೆ. ಆದರೆ ಎತ್ತರ ಕೈಕೊಟ್ಟಿತು. ವ್ಯಾನಿನ ನೆತ್ತಿಯ ನಡುವೆ ಯಾವಾಗಲೂ ಒಂದು ಕೊಳಕು ಪಟ್ಟೆ ಉಳಿಯುತ್ತಿತ್ತು. ಸ್ಟೂಲು ಕೊಟ್ಟರೆ ಸ್ಟೂಲಿನ ಸಮೇತ ಜಾರುತ್ತಿದ್ದರು. ಕೊನೆಗೆ ಅಂಗಳದ ಯಜಮಾನ, "ಮೇಲಕ್ಕೆ ಎಟಕಲ್ಲ ಅಂದ್ರೆ ಕೆಳಕ್ಕಾದ್ರೂ ಹೋಗು" ಎಂದು ಗುಂಡಿಗೆ ಇಳಿಸಿದ. "ಇಳಿದೆ, ನೋಡಿ, ಹತ್ತೋ ಮನಸ್ಸೇ ಬರಲಿಲ್ಲ. ಮೇಲೆ ಎಲ್ಲರೂ ಜಗಳ ಆಡ್ತಿರ್ತಾರೆ. ಕೆಳಗೆ ಮಣ್ಣು ಮಾತ್ರ. ಮಣ್ಣು ಎದುರು ಮಾತಾಡಲ್ಲ," ಎಂದು ನಗುತ್ತಾರೆ.

ಎದುರು ಮಾತಾಡುವುದಿಲ್ಲ ನಿಜ, ಆದರೆ ಕಣ್ಣಿಗೆ ಬೀಳುತ್ತದೆ. ಕಿವಿಗೆ, ತೋಳಿನೊಳಕ್ಕೆ, ಬಾಯಿ ತೆರೆದರೆ ಬಾಯಿಗೂ ಬೀಳುತ್ತದೆ. ಸದಾ ಮೇಲೆ ನೋಡಿ ನೋಡಿ ಅವರ ಕತ್ತು ಹಿಂದಕ್ಕೇ ವಾಲಿ ನಿಂತಿದೆ. ಗೊತ್ತಿಲ್ಲದವರು ಇವರಿಗೆ ಬಹಳ ಜಂಬ ಅಂದುಕೊಳ್ಳುತ್ತಾರೆ. ದಿನಕ್ಕೆ ನಾಲ್ಕೈದು ಕಾರು, ಕಾರಿಗೊಂದು ಬಾಂಡ್ಲಿ ಮಣ್ಣು. ಆ ಬಾಂಡ್ಲಿಯನ್ನು ಅವರು ಕಾರಿನ ಪಕ್ಕದಲ್ಲೇ ಇಡುತ್ತಾರೆ, ಕೆಲಸ ನಡೆದದ್ದಕ್ಕೆ ಅದೊಂದೇ ಸಾಕ್ಷಿ. ಅದಕ್ಕೂ ಬೆಲೆ ಇಲ್ಲ. ಒಬ್ಬ ಗಿರಾಕಿ ಬಾಂಡ್ಲಿಯನ್ನು ಸುತ್ತು ಹಾಕಿ ನೋಡಿ, "ಇದು ನಮ್ಮ ಕಾರಿನ ಮಣ್ಣೇ ಅಂತ ಏನು ಗ್ಯಾರಂಟಿ?" ಎಂದು ಕೇಳಿದ್ದನಂತೆ.

ಕೆಲಸದ ಕ್ರಮ ಅವರೇ ಕಂಡುಕೊಂಡದ್ದು. ಮೊದಲು ಗೂಡಿನೊಳಗೆ ಮೆಲ್ಲಗೆ ನೀರು ಚಿಮುಕಿಸಿ ಮಣ್ಣನ್ನು ನೆನೆಯಲು ಬಿಡಬೇಕು. ಜೋರಾಗಿ ಪೈಪು ಹಿಡಿದರೆ ಮಣ್ಣು ಹೊರಗೆ ಬರುವ ಬದಲು ಸಂದಿಗೇ ಹೋಗಿ ಕೂರುತ್ತದೆ. ಆಮೇಲೆ ಹಿಡಿ ಬಗ್ಗಿಸಿದ ಹಳೆಯ ಸೌಟು. ಗೂಡಿನ ಅಂಚು ಒಳಕ್ಕೆ ಮಡಚಿರುವ ಕಡೆ, ತರಗೆಲೆಯೂ ಕೆಸರೂ ಸೇರಿ ಒದ್ದೆ ಗೋಣಿಯ ಹಾಗೆ ತಗಡಿಗೆ ಅಂಟಿಕೊಂಡಿರುತ್ತದೆ. ತುಕ್ಕು ಹುಟ್ಟುವುದು ಅಲ್ಲಿ. ಅದನ್ನು ತೆಗೆದು, ನೀರು ಇಳಿಯುವ ಸಣ್ಣ ತೂತುಗಳಿಗೆ ಕಡ್ಡಿ ಆಡಿಸಿ, ಇಡೀ ದಿನ ಒಣಗಲು ಬಿಟ್ಟು, ತಂತಿ ಬ್ರಷ್ಷು ಹಾಕಿ, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಕಪ್ಪು ಕೋಟಿಂಗು. "ಒಣಗದೆ ಬಳಿಯೋದು ಮಹಾ ಪಾಪ. ಒದ್ದೆ ಮೈಗೆ ರೇನ್‌ಕೋಟು ಹಾಕಿದ ಹಾಗೆ. ಮೇಲೆ ಮಿಂಚುತ್ತೆ, ಒಳಗೆ ಕೊಳೆಯುತ್ತೆ."

ಇಷ್ಟೆಲ್ಲ ಹೇಳುವವರ ಸ್ವಂತ ಮನೆಯ ಗೇಟು ಮುಟ್ಟಿದರೆ ಉದುರುತ್ತದೆ. ಬಟ್ಟೆ ಇಸ್ತ್ರಿ ಮಾಡುವ ಅವರ ಹೆಂಡತಿ ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ. "ಊರ ಕಾರಿನ ತುಕ್ಕೆಲ್ಲ ತೆಗೀತಾರೆ. ಈ ಗೇಟಿಗೆ ಚಕ್ರ ಇದ್ದಿದ್ರೆ ನಮಗೂ ಒಂದು ಗತಿ ಕಾಣಿಸ್ತಿದ್ರೇನೋ."

ಇನ್ನು ಆ ಮದುವೆಯ ವಿಷಯ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎದುರಿನ ಔಷಧಿ ಅಂಗಡಿಯ ಹುಡುಗ ದರ್ಜಿಯವರ ಮಗ. ಕಣ್ಣು ಚೆನ್ನಾಗಿದ್ದೂ ಮೂರು ಸಲ ಕಣ್ಣು ಪರೀಕ್ಷೆ ಮಾಡಿಸಿಕೊಂಡವನು. ಹೋದ ತಿಂಗಳು ಹುಡುಗನ ಮನೆಯವರು ಮಾತಾಡಿ ಹೋಗಲು ಬರುವುದೆಂದು ನಿಶ್ಚಯವಾದಾಗ ಮಗಳು ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು.

"ಅಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಬಂದವರ ಕಾರಿನ ಕೆಳಗೆ ಮಾತ್ರ ಹೋಗ್ಬೇಡ."

"ನನಗೇನು ಹುಚ್ಚಾ?"

"ಹೌದು."

ಪಾತಾಳಣ್ಣ ಮಾತು ಉಳಿಸಿಕೊಂಡರು. ಕಾರಿನ ಕೆಳಗೆ ಹೋಗಲಿಲ್ಲ. ಒಳಗೆ ಮಾತುಕತೆ ಸಾಗಿತ್ತು. ದರ್ಜಿಯವರು ಕಾರು ಕೊಂಡ ದಿನವೇ ತಾವೇ ಎದುರು ನಿಂತು ದಪ್ಪಗೆ ಕಪ್ಪು ಕೋಟಿಂಗು ಹೊಡೆಸಿದ್ದನ್ನು ಬಣ್ಣಿಸುತ್ತಿದ್ದರು. "ತೊಳೆದ ಕೂಡಲೇ ಹೊಡೆಸಿದೆ, ಒಂದು ನಿಮಿಷ ವೇಸ್ಟ್ ಮಾಡಲಿಲ್ಲ." ಅದನ್ನು ಕೇಳಿದ ಪಾತಾಳಣ್ಣ ಅರ್ಧ ಕುಡಿದ ಕಾಫಿ ಲೋಟವನ್ನು ಕೆಳಗಿಟ್ಟರು. ಫೋನು ಬಂದವರಂತೆ ಎದ್ದು ಹೊರಗೆ ಬಂದರು. ಬಾಗಿಲೆದುರು ನಿಂತಿದ್ದ ಬೂದು ಕಾರಿನ ಬರೀ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಕೈ ಒಳಗೆ ಹಾಕಿ ಬೆರಳ ಗೆಣ್ಣಿನಿಂದ ಗೂಡನ್ನು ಒಮ್ಮೆ ಕುಟ್ಟಿದರು. ಗಟ್ಟಿ ತಗಡು ಠಣ್ ಎನ್ನುತ್ತದೆ. ಇದು ಹಪ್ಪಳದ ಹಾಗೆ ಚುರ್ ಎಂದಿತು. ಖಚಿತವಾಗಲಿ ಎಂದು ಇನ್ನೊಮ್ಮೆ ಕುಟ್ಟಿದರು. ಕೈ ಮಣಿಕಟ್ಟಿನ ತನಕ ಕಾರಿನೊಳಕ್ಕೆ ಹೋಯಿತು. ಕೈಗಡಿಯಾರ ತಗಡಿಗೆ ಸಿಕ್ಕಿಕೊಂಡಿತು. ಎಳೆದರೆ ಬರದು.

ಅದೇ ಹೊತ್ತಿಗೆ ದರ್ಜಿಯವರ ಹೆಂಡತಿ ಕಾರಿನಲ್ಲಿ ಮರೆತ ಕೈಚೀಲಕ್ಕೆಂದು ಬಂದು ಆಚೆ ಬದಿಯ ಬಾಗಿಲು ತೆರೆದು ಒಳಗೆ ಬಗ್ಗಿದರು. ಕಾಲಿಡುವ ಕಡೆಯ ಮ್ಯಾಟು ಮೆಲ್ಲಗೆ ಏಳುವುದು ಕಂಡಿತು. ಹೆಗ್ಗಣ! ಅವರು ಕಿರುಚಲಿಲ್ಲ, ಕಿರುಚುವ ಪೈಕಿ ಅಲ್ಲ. ಕೈಚೀಲ ಎತ್ತಿ ನಾಲ್ಕು ಬಾರಿಸಿದರು. ಹೆಗ್ಗಣ ಹೊರಗಡೆಯಿಂದ "ಅಯ್ಯಯ್ಯೋ ಅಮ್ಮಾ, ನಾನು, ಹುಡುಗಿ ಅಪ್ಪ!" ಎಂದು ಕೂಗಿಕೊಂಡಿತು.

ಎಲ್ಲರೂ ಓಡಿ ಬಂದರು. ಬೇರೆ ಯಾರಾದರೂ ಆಗಿದ್ದರೆ ಮೊದಲು ಕಾರು ನೋಡುತ್ತಿದ್ದರು. ದರ್ಜಿಯವರು ಕತ್ತರಿ ತೆಗೆದು, ಅಂಗಿಯ ತೋಳಿನ ತುದಿ ಕತ್ತರಿಸಿ, ಗಡಿಯಾರದ ಪಟ್ಟಿಯನ್ನೂ ಕತ್ತರಿಸಿ ಕೈ ಬಿಡಿಸಿದರು. ಬಿಡಿಸುತ್ತಲೇ, ತಡೆಯಲಾರದೆ, "ಈ ಕಫ್ ಯಾರು ಹೊಲಿದಿದ್ದು? ದಾರ ಎಲ್ಲ ಬಿಟ್ಕೊಂಡಿದೆ," ಎಂದರು. ಆಮೇಲೆ ತೂತು ಕಂಡಿತು. ಮುಖ ಕಪ್ಪಿಟ್ಟಿತು.

"ಕಾರಿಗೆ ಕೈ ಹಾಕಿ ತೂತು ಮಾಡೋರ ಮನೆ ಸಂಬಂಧ ನಮಗೆ ಬೇಡ. ನಡೀರಿ."

ಹೆಂಡತಿ ನಡೆಯಲಿಲ್ಲ. "ತೂತು ಇವತ್ತಿಂದಾ? ಎರಡು ಮಳೆಗಾಲದಿಂದ ಬಡ್ಕೋತಿದೀನಿ, ಕಾಲು ಒದ್ದೆಯಾಗುತ್ತೆ ಅಂತ. ನೀರಿನ ಬಾಟಲು ಚೆಲ್ಕೊಂಡಿದೀಯ ಅಂತ ನನ್ನನ್ನೇ ಬೈದ್ರಿ."

"ಬಾಟಲೇ ಅದು! ನನ್ನ ಕಡೆ ಯಾಕೆ ಒದ್ದೆಯಾಗಲ್ಲ ಹಾಗಾದ್ರೆ?"

ಆ ತಾಯಿ ಹಟ ಹಿಡಿದರು. ಇವರೇ ಸರಿ ಮಾಡಲಿ, ಬಾಟಲಿಲ್ಲದೆ ಕೂತು ನೀರಲ್ಲಿ ಹೋಗಿ ಬರೋಣ, ನನ್ನ ಕಾಲು ಒಣಗಿದ್ದರೆ ಈ ಹುಡುಗಿಯೇ ನಮ್ಮ ಸೊಸೆ ಎಂದರು. ಒದ್ದೆಯಾದರೆ ಮದುವೆಯ ಮಾತು ಎತ್ತಕೂಡದು ಎಂದು ದರ್ಜಿಯವರು ಒಪ್ಪಿದರು. ಮದುಮಕ್ಕಳಾಗಬೇಕಾದವರನ್ನು ಯಾರೂ ಕೇಳಲಿಲ್ಲ. ಅಂದು ರಾತ್ರಿ ಮಗಳು ಅಪ್ಪನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಕೈ ತೊಳೆಯಲು ಎದ್ದಾಗ ಮಾತ್ರ, "ಕೆಳಗೆ ಹೋಗಲಿಲ್ಲ ನಾನು" ಎಂದು ಅಪ್ಪ ಗೊಣಗಿದರು. "ಕೈ ಹೋಯ್ತಲ್ಲ" ಎಂದಳು.

ಹಾಗಾಗಿ ಈಗ ಈ ಕೆರೆತ. ಕಪ್ಪು ಕೋಟಿಂಗು ಸಿಪ್ಪೆಯಂತೆ ಏಳುತ್ತಿದೆ. ಅದರ ಹಿಂದೆ ಹಳೆಯ ಕೆಸರು ಇನ್ನೂ ಹಸಿಯಾಗಿದೆ, ಕೆಸರಿನ ಹಿಂದೆ ತಗಡು ಎಂಬ ಹೆಸರಿನ ಪುಡಿ. ಮರುದಿನದ ಹೊತ್ತಿಗೆ ಪಕ್ಕದ ಶೆಡ್ಡಿನ ಟಿಂಕರ್ ಬಂದು ಕೊಳೆತದ್ದನ್ನು ಕತ್ತರಿಸಿ ಹೊಸ ತಗಡಿನ ತೇಪೆಯನ್ನು ಬೆಸೆದು ಕೊಟ್ಟಿದ್ದಾನೆ. ದರ್ಜಿಯವರು ತೇಪೆಯ ಅಂಚನ್ನು ಉಗುರಲ್ಲಿ ಸವರಿ ನೋಡಿ, ಟೈರಿಗೆ, "ಹೊಲಿಗೆ ಪರವಾಗಿಲ್ಲ" ಎನ್ನುತ್ತಾರೆ. ನಂತರ ಅಂಗಡಿಗೆ ಹೊತ್ತಾಯಿತೆಂದು ಹೊರಡುತ್ತಾರೆ.

ಅವರು ಬೀದಿಯ ತಿರುವು ದಾಟಿದ ಮೇಲೆ ಪಾತಾಳಣ್ಣ ಗುಂಡಿಯಿಂದ ಏಳುತ್ತಾರೆ. ಒಂದು ಗೂಡು ಹೀಗಿದ್ದರೆ ಇನ್ನೊಂದು ಹೇಗಿರಬೇಡ? ಚಾಲಕನ ಕಡೆಯ ಚಕ್ರ ಬಿಚ್ಚಿ ಕೈ ಹಾಕುತ್ತಾರೆ, ಈ ಸಲ ಹುಷಾರಾಗಿ. ಇಲ್ಲಿನ ತೂತು ಇನ್ನೂ ದೊಡ್ಡದು. ಒಳಗೆ ಬಂದು ಯಜಮಾನರ ಕಾಲಡಿಯ ಮ್ಯಾಟು ಎತ್ತಿದರೆ, ಅದರ ಕೆಳಗೆ ಕೋಟಿನ ಬಟ್ಟೆಯ ಚೂರುಗಳನ್ನು ಪದರ ಪದರವಾಗಿ ಜೋಡಿಸಿ, ಸುತ್ತಲೂ ಅಚ್ಚುಕಟ್ಟಾಗಿ ಅಂಚು ಹೊಲಿದ ಒಂದು ದಿಂಬು! ಹಿಂಡಿದರೆ ನೀರು ಸೋರುತ್ತದೆ. ಎರಡು ಮಳೆಗಾಲ ದರ್ಜಿಯವರು ತಮ್ಮ ಪಾಲಿನ ನೀರನ್ನು ಯಾರಿಗೂ ಕಾಣದಂತೆ ಹೊಲಿದು ಮುಚ್ಚಿಟ್ಟಿದ್ದಾರೆ.

ಪಾತಾಳಣ್ಣ ಆ ದಿಂಬನ್ನು ಬಹಳ ಹೊತ್ತು ತಿರುಗಿಸಿ ನೋಡುತ್ತಾರೆ. ಇದನ್ನು ತೋರಿಸಿದರೆ ವಾದ ಅಲ್ಲೇ ಗೆದ್ದಂತೆ. ಹೆಂಡತಿಗೆ ಹೇಳಿದಾಗ ಆಕೆ ಹೇಳಿದ್ದೂ ಅದನ್ನೇ. "ತಗೊಂಡು ಹೋಗಿ ಆಯಮ್ಮನ ಕೈಗೆ ಕೊಡಿ. ಭಾನುವಾರದ ತನಕ ಯಾಕೆ ಕಾಯ್ಬೇಕು?"

"ಗೆದ್ದು ಏನು ಮಾಡ್ಲೇ? ನಾಳೆ ನಮ್ಮ ಹುಡುಗಿ ಆ ಮನೆಗೆ ಹೋಗಿ ಬಾಳಬೇಕು. ಮಾವನ ಮಾನ ಹರಾಜು ಹಾಕಿದ ಮನೆ ಮಗಳು ಅನ್ನಿಸ್ಕೊಂಡು ಹೋಗ್ಲಾ?"

ದಿಂಬನ್ನು ಒಣಗಿಸಿ, ಮಡಿಕೆ ಕೆಡದಂತೆ ಮತ್ತೆ ಮ್ಯಾಟಿನ ಕೆಳಗೇ ಇಡುತ್ತಾರೆ. ಟಿಂಕರ್‌ನ ಬಾಯಿಗೂ ಬೆಸುಗೆ ಹಾಕಿಸಿ, ಆ ಕಡೆಯ ತೂತನ್ನೂ ಸದ್ದಿಲ್ಲದೆ ಮುಚ್ಚಿಸುತ್ತಾರೆ. ಕೆಂಪು ಒಣಗುತ್ತದೆ, ಕಪ್ಪು ಒಣಗುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆದೇ ಇಲ್ಲ.

ಭಾನುವಾರ. ಪೈಪು ಒಡೆದು ಸದಾ ನೀರು ನಿಂತಿರುವ ಬೀದಿಯ ತಗ್ಗು. ಎರಡೂ ಮನೆಯವರು ಪಾದಚಾರಿ ದಾರಿಯ ಮೇಲೆ ಸಾಲಾಗಿ ನಿಂತಿದ್ದಾರೆ. ಮಗಳು ಉಗುರು ಕಚ್ಚುತ್ತಿದ್ದಾಳೆ, ಅವಳದು ಮುಗಿದು ಹುಡುಗ ತನ್ನದನ್ನು ಕಚ್ಚುತ್ತಿದ್ದಾನೆ. ದರ್ಜಿಯವರು ಸ್ಟೀರಿಂಗ್ ಹಿಡಿದಿದ್ದಾರೆ. ಪಕ್ಕದಲ್ಲಿ ಅವರ ಹೆಂಡತಿ, ಚಪ್ಪಲಿ ಬಿಟ್ಟು, ಬರಿಗಾಲ ಕೆಳಗೆ ಹಳೆಯ ಪೇಪರು ಹಾಸಿಕೊಂಡು. ಬಾಟಲಿಲ್ಲ ಎಂದು ಎರಡೂ ಕೈ ಎತ್ತಿ ಎಲ್ಲರಿಗೂ ತೋರಿಸುತ್ತಾರೆ.

ಕಾರು ನೀರು ಸೀಳಿಕೊಂಡು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ದರ್ಜಿಯವರು ಬೇಕೆಂದೇ ಆಳ ಹುಡುಕಿ ನುಗ್ಗಿಸುತ್ತಿದ್ದಾರೆ. ಪಾತಾಳಣ್ಣನ ಕತ್ತು ಮೊದಲ ಸಲ ಮುಂದಕ್ಕೆ ಬಾಗಿದೆ.

ಕಾರು ನೀರಿನಿಂದಾಚೆ ಬಂದು ನಿಲ್ಲುತ್ತದೆ. ಆ ತಾಯಿ ಇಳಿದು ಪೇಪರನ್ನು ಮೇಲೆತ್ತಿ ಅಲ್ಲಾಡಿಸುತ್ತಾರೆ. ಗರಿಗರಿ ಸದ್ದು. "ನೋಡಿ! ಒಂದು ಹನಿ ಇಲ್ಲ! ಬಾಟಲಂತೆ ಬಾಟಲು!"

ಮಗಳೂ ಹುಡುಗನೂ ಒಟ್ಟಿಗೆ ಉಸಿರು ಬಿಡುತ್ತಾರೆ. ಆಚೆ ಬಾಗಿಲಿನಿಂದ ದರ್ಜಿಯವರು ಇಳಿಯುತ್ತಾರೆ. ಸೋತ ಮುಖವಲ್ಲ ಅದು, ಏನೋ ಗೊಂದಲದ ಮುಖ. ಕಾರಿನೊಳಕ್ಕೆ ಕೈ ಹಾಕಿ ಮ್ಯಾಟಿಗೆ ಹೆಬ್ಬೆರಳು ಒತ್ತಿ ನೋಡುತ್ತಾರೆ. ಬಗ್ಗಿ ಕಾಲುಚೀಲ ಮುಟ್ಟಿ ನೋಡುತ್ತಾರೆ. ಮುಖ ಅರಳುತ್ತದೆ.

"ಅರೆ! ನನ್ನ ಕಡೇನೂ ಒಣಗಿದೆಯಲ್ಲ!"

ಹೆಂಡತಿಯ ಕೈಯಲ್ಲಿನ ಪೇಪರು ಅಲ್ಲಾಡುವುದನ್ನು ನಿಲ್ಲಿಸುತ್ತದೆ.

"ನಿಮ್ಮ ಕಡೆ," ಎಂದು ಹೆಂಡತಿ ನಿಧಾನವಾಗಿ ಕೇಳುತ್ತಾರೆ, "ಯಾವಾಗ ರೀ ಒದ್ದೆ ಇತ್ತು?"

ದರ್ಜಿಯವರು ಮಗನನ್ನು ನೋಡುತ್ತಾರೆ, ಅವನು ಆಕಾಶ ನೋಡುತ್ತಾನೆ. ಸಹಾಯಕ್ಕೆ ಅಂಗಳದ ಟೈರೂ ಹತ್ತಿರದಲ್ಲಿಲ್ಲ. ಕೊನೆಗೆ ಅವರ ಕಣ್ಣು ಪಾತಾಳಣ್ಣನ ಮೇಲೆ ನಿಲ್ಲುತ್ತದೆ.

"ಬೀಗರೇ," ಎನ್ನುತ್ತಾರೆ, "ನೀವಾದ್ರೂ ಸ್ವಲ್ಪ ಹೇಳಿ ಇವಳಿಗೆ."

ಪಾತಾಳಣ್ಣನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಗಳು ಅಪ್ಪನ ತೋಳು ಹಿಡಿಯುತ್ತಾಳೆ.

"ನನಗೇನು ಗೊತ್ತಮ್ಮ," ಎನ್ನುತ್ತಾರೆ ಪಾತಾಳಣ್ಣ ಬೀಗಿತ್ತಿಗೆ, "ನಾನು ಕೆಳಗಿದ್ದೆ."