ದೊಡ್ಡಮ್ಮನ ಅರ್ಧ ಎಕರೆ ಟೀ

ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ನೆಲಕ್ಕೆ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರೆ ನಾನು ಅಲ್ಲಿ ಟೀ ಕುಡಿಯುವುದಿಲ್ಲ. ಜೊತೆಗಿದ್ದವರು ಇದೊಂದು ದೊಡ್ಡಸ್ತಿಕೆ ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಆ ಘಾಟು ಮೂಗಿಗೆ ಬಡಿದರೆ ಸಾಕು, ಕಬ್ಬಾಳಿನ ಬೆಟ್ಟದ ಮಗ್ಗುಲಲ್ಲಿದ್ದ ನಮ್ಮ ಮನೆಯ ಜಗಲಿ, ಒದ್ದೆ ಬಟ್ಟೆ ಮುಚ್ಚಿದ ಎಲೆಯ ರಾಶಿ, ಅದರ ಮುಂದೆ ಬಗ್ಗಿ ನಿಂತ ದೊಡ್ಡಮ್ಮ, ಎಲ್ಲ ಕಣ್ಣ ಮುಂದೆ ಬಂದುಬಿಡುತ್ತದೆ. ನೀವೂ ಒಂದು ತುಂಬಿದ ಮನೆಯನ್ನು ಕಳೆದುಕೊಂಡವರಾದರೆ ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ.

ದೊಡ್ಡಮ್ಮ ಅಂದರೆ ಅಪ್ಪನ ಅಣ್ಣನ ಹೆಂಡತಿ. ಅವರ ತವರಿನವರು ನೀಲಗಿರಿಯ ಟೀ ತೋಟದಲ್ಲಿ ಕೆಲಸಕ್ಕಿದ್ದವರು. ಮದುವೆಯಾಗಿ ಬರುವಾಗ ತಂದ ಸಸಿಗಳನ್ನು ಬಾವಿಯ ಪಕ್ಕ, ಹಲಸಿನ ನೆರಳಲ್ಲಿ ನೆಟ್ಟು, ಈ ಬಿಸಿಲಲ್ಲಿ ಬದುಕದು ಎಂದು ನಕ್ಕವರ ಎದುರೇ ಅರ್ಧ ಎಕರೆ ತೋಟ ಮಾಡಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರದು ಅಂತ ಉಳಿದಿದ್ದು ಆ ಗಿಡಗಳೇ. ಚಿಗುರು ಬಿಡಿಸಿ, ರಾತ್ರಿಯಿಡೀ ಬಿದಿರಿನ ತಟ್ಟೆಯಲ್ಲಿ ಹರಡಿ ಬಾಡಿಸಿ, ಬೆಳಿಗ್ಗೆ ಅಂಗೈಯಲ್ಲಿ ಹೊಸೆದು, ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದರು. ಒಳಗೆ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ, ಹಸಿ ಹುಲ್ಲಿನ ವಾಸನೆ ಹೋಗಿ ಮಾಗಿದ ಸೀಬೆಹಣ್ಣಿನ ಘಮ ಬರುವ ಗಳಿಗೆಯಲ್ಲೇ ಬಾಣಲೆಗೆ ಹಾಕಬೇಕು. ಒಂದಿಷ್ಟು ತಡವಾದರೂ ಹುಳಿ. ಆ ದಿನ ಮನೆಯಲ್ಲಿ ಯಾರೂ ಹೂ ಮುಡಿಯುವಂತಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿಲ್ಲ, ಅಪ್ಪ ಬೀಡಿ ಸೇದಲು ಹೊಲದಾಚೆ ಹೋಗಬೇಕು. ಹದ ಹೇಳುವ ಹಕ್ಕು ದೊಡ್ಡಮ್ಮನ ಮೂಗಿಗೆ ಮಾತ್ರ.

ಆ ಮೂಗು ಒಂದು ಜ್ವರದಲ್ಲಿ ವಾಸನೆ ಕಳೆದುಕೊಂಡಿತ್ತು. ಗೊತ್ತಿದ್ದದ್ದು ನನಗೊಬ್ಬಳಿಗೆ. ಎರಡು ಸಲ ಟೀ ಹುಳಿಯಾದ ಮೇಲೆ, ಹತ್ತು ವರ್ಷದ ನನ್ನನ್ನು ಕರೆದು ಗುಟ್ಟಾಗಿ ಹೇಳಿದ್ದರು. ನಾನು ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಲ್ಲಬೇಕು, ಹದ ಬಂದ ಕೂಡಲೇ ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಬೇಕು. ಅಷ್ಟರಲ್ಲಿ ಅಪ್ಪನ ಕಣ್ಣು ಟೀ ತೋಟದ ಜಾಗದ ಮೇಲೆ ಬಿದ್ದಿತ್ತು. ನಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಸಾಲುತ್ತಿರಲಿಲ್ಲ. "ಇದೊಂದ್ಸಲ ನೋಡ್ತೀನಿ ಅತ್ತಿಗೆ. ಸರಿಯಾಗಿ ಬಂದ್ರೆ ಇರ್ಲಿ, ಇಲ್ದಿದ್ರೆ ಕಿತ್ತು ಹಿಪ್ಪುನೇರಳೆ ಹಾಕ್ಬುಡ್ತೀನಿ," ಅಂದರು.

ಆ ಬೆಳಿಗ್ಗೆ ಬಟ್ಟೆ ಎತ್ತಿದಾಗ ನನಗೆ ಬಂದದ್ದು ಸೀಬೆಯ ಘಮವಲ್ಲ, ಬ್ಲೀಚಿಂಗ್ ಪೌಡರಿನ ಘಾಟು. ಟೀಗೆಂದೇ ಇಟ್ಟಿದ್ದ ತಟ್ಟೆ ಮುರಿದಿತ್ತು. ಹುಳು ಸಾಕಲು ಅಮ್ಮ ಪೌಡರ್ ಹಾಕಿ ತೊಳೆದಿಟ್ಟಿದ್ದ ಬಿದಿರಿನ ತಟ್ಟೆಯಲ್ಲೇ ದೊಡ್ಡಮ್ಮ ಎಲೆ ಬಾಡಿಸಿದ್ದರು. ಅಪ್ಪ ದೂರದಲ್ಲಿ ಕಂಬಕ್ಕೊರಗಿ ನೋಡುತ್ತಿದ್ದರು. ಬಾಯಿ ಬಿಟ್ಟರೆ ಗುಟ್ಟು ರಟ್ಟು; ಸುಮ್ಮನಿದ್ದರೆ ಟೀ ಹಾಳು, ತೋಟವೂ ಹೋಯಿತು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಹೆದರಿಕೆಗೆ ಜಡೆ ಮುಂದಕ್ಕೆ ಹಾಕಿಕೊಂಡೆ. ಒಲೆ ಹಚ್ಚಿ ಅಂದರು ದೊಡ್ಡಮ್ಮ, ಹಳೆಯ ಗತ್ತಿನಲ್ಲೇ.

ಸಂಜೆ ಅಪ್ಪನಿಗೆ ಲೋಟ ಕೊಟ್ಟರು. ಮೊದಲ ಗುಟುಕಿಗೇ ಅಪ್ಪನ ಮುಖ ಬಿಗಿಯಿತು. ದೊಡ್ಡಮ್ಮನೂ ತಮ್ಮ ಲೋಟದಿಂದ ಕುಡಿದು, ಒಳ್ಳೆ ಹದವಾಗಿದೆ ಅಲ್ಲವೇ ಎಂದು ಕೇಳಿದರು. ಅಪ್ಪ ಅವರನ್ನೇ ಒಂದು ಗಳಿಗೆ ನೋಡಿದರು. ಅತ್ತಿಗೆಯ ಮೂಗು ಹೋಗಿದೆ ಎಂದು ಅಪ್ಪನಿಗೆ ಗೊತ್ತಾಗಿಹೋಯಿತು. ಸಾರಿಗೆ ಒಂದು ಕಲ್ಲು ಉಪ್ಪು ಹೆಚ್ಚಾದರೂ ತಟ್ಟೆ ತಳ್ಳುವ ನಮ್ಮಪ್ಪ, ಅವತ್ತು ಆ ಕೆಟ್ಟ ಟೀಯನ್ನು ತಳ ಕಾಣುವ ತನಕ ಕುಡಿದು, "ಚೆನ್ನಾಗೈತೆ ಅತ್ತಿಗೆ. ಗಿಡ ಇರ್ಲಿ ಬುಡಿ," ಅಂದರು. ಗೆದ್ದೆವು ಎಂದುಕೊಂಡೆ ನಾನು.

ಅಪ್ಪ ಎದ್ದು ಹೋದ ಮೇಲೆ ದೊಡ್ಡಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡರು. ಅವನು ಹೀಗೆಲ್ಲ ಹೊಗಳುವವನಲ್ಲ, ನಿಜ ಹೇಳು ಅಂದರು. ಅಳುತ್ತಾ ಹೇಳಿದೆ. ಅವರು ಬಯ್ಯಲಿಲ್ಲ. "ನನ್ ಮೂಗು ಹೋದಾಗ್ಲೂ ಇಷ್ಟು ನೋವಾಗ್ಲಿಲ್ಲ ಕಣ್ ಮಗ. ನಿನ್ನ ನಂಬಿದ್ದೆ," ಅಂದರು. ಮಾರನೆಯ ಬೆಳಿಗ್ಗೆ, ಬೇಡವೆಂದು ಅಪ್ಪ ಎಷ್ಟು ಹೇಳಿದರೂ ಕೇಳದೆ, ಮೊದಲ ಗಿಡದ ಬುಡಕ್ಕೆ ತಾವೇ ಗುದ್ದಲಿ ಹಾಕಿದರು.

ಈಗ ಅಲ್ಲಿ ಹಿಪ್ಪುನೇರಳೆ. ಅಪ್ಪ, ದೊಡ್ಡಮ್ಮ ಇಬ್ಬರೂ ಇಲ್ಲ. ಆಮೇಲೂ ದೊಡ್ಡಮ್ಮ ನನಗೆ ತಲೆ ಬಾಚಿದರು, ಕೈತುತ್ತು ಹಾಕಿದರು; ಪ್ರೀತಿಗೇನೂ ಕಮ್ಮಿಯಾಗಲಿಲ್ಲ. ಆದರೆ ಒಲೆಯ ಮೇಲಿನ ಹಾಲು ಸೀಯುತ್ತಿದೆಯೋ ಏನೋ ಎಂದು ಅನುಮಾನ ಬಂದಾಗ, ಪಕ್ಕದಲ್ಲೇ ಕೂತಿದ್ದ ನನ್ನನ್ನು ಬಿಟ್ಟು, ಅಂಗಳದಲ್ಲಿ ಆಡುತ್ತಿದ್ದ ನನ್ನ ಪುಟ್ಟ ತಂಗಿಯನ್ನು ಕೂಗಿ ಕೇಳುತ್ತಿದ್ದರು.